ಅಕ್ಕನ ಹೆಸರಿನ ಮುಂದೆ ಕಾಣದೆ ಹೋದದ್ದು

ಮೊನ್ನೆ ಕೊರಟಗೆರೆಯಲ್ಲಿ ನನ್ನ ವ್ಯಾನು ಹತ್ತಿದ ಹುಡುಗಿಯೊಬ್ಬಳು ವಾಂತಿ ಬಾರದಿರಲೆಂದು ಮೂಗಿಗೆ ನಿಂಬೆಹಣ್ಣು ಹಿಡಿದು ಕೂತಳು. ಆ ವಾಸನೆಗೆ ನನ್ನ ಅಕ್ಕ ನೆನಪಾದಳು... ಅವಳೂ ಗಾಡಿ ಹತ್ತುವ ಮುಂಚೆ ಸೆರಗಿಗೊಂದು ನಿಂಬೆಹಣ್ಣು ಕಟ್ಟಿಕೊಳ್ಳುತ್ತಿದ್ದಳು.

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಅಕ್ಕ ಓದಿದಳು. ಮಧುಗಿರಿಯ ಒಂದು ಆರೋಗ್ಯ ಸಂಸ್ಥೆಯಲ್ಲಿ ರೋಗಿಗಳ ವಿವರವನ್ನು ಕಂಪ್ಯೂಟರಿಗೆ ಸೇರಿಸುವುದು ಅವಳ ಕೆಲಸ. ರೋಗಿಗಳನ್ನು ತುಮಕೂರಿನ ದೊಡ್ಡಾಸ್ಪತ್ರೆಗೆ ಕರೆದೊಯ್ಯುವ ವ್ಯಾನು ಓಡಿಸುವ ಕೆಲಸವನ್ನು ನನಗೆ ಕೊಡಿಸಿದ್ದೂ ಅವಳೇ. ಆ ವಿವರಗಳು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಯಂತ್ರಗಳಲ್ಲಿ ಹಂಚಿಹೋಗಿದ್ದರೂ ಎಲ್ಲ ಸೇರಿ ಒಂದೇ ಡೇಟಾಬೇಸ್ ಅಂತೆ. ಅದು ಹೇಗೋ, ನನಗೆ ಇವತ್ತಿಗೂ ತಿಳಿದಿಲ್ಲ.

"ಈ ಸಾಫ್ಟ್‌ವೇರ್ನ ಯಾರ್ಯಾರೋ ಕೂಡಿ ಬರ್ದು ಎಲ್ಲಾರ್ಗೂ ಪುಕ್ಸಟ್ಟೆ ಬಿಟ್ಟವ್ರೆ ಕಣ್ಲಾ. ಒಳಗಿನ ವಿವ್ರಕ್ಕೆ ಮಾತ್ರ ಬೀಗ ಐತೆ," ಅಂದಿದ್ದಳು ಅಕ್ಕ.

"ಪುಕ್ಸಟ್ಟೆ ಮಾಲಿಗೆ ಬೀಗ ಬೇರೆನಾ?"

"ಮನೆ ಬಾಗ್ಲಿಗಲ್ಲ, ಒಂದೊಂದು ಅಕ್ಕಿಕಾಳಿಗೂ ಬೀಗ ಐತೆ. ಡಾಕ್ಟ್ರಿಗೆ ಕಾಣಾದು ನಿಂಗೆ ಕಾಣಾಕಿಲ್ಲ."

"ಅಂಗಾದ್ರೆ ಅನ್ನ ಬೇಯಾದು ಯಾವಾಗಕ್ಕ?"

ನಕ್ಕು ತಲೆಗೆ ಮೊಟಕಿದಳು. "ಇನ್ನೊಂದು ಕೇಳುಸ್ಕೊ. ನಿಂಗೆ ಕಾಣ್ದಿರಾದು ಖಾಲಿ ಜಾಗ ಆಗೂ ತೋರಾಕಿಲ್ಲ. ಇಲ್ವೇ ಇಲ್ಲ ಅನ್ನಂಗಿರ್ತದೆ."

ನನ್ನ ಮೊಬೈಲಿಗೆ ಬರುತ್ತಿದ್ದುದು ರೋಗಿಯ ಹೆಸರು, ಊರು, ಕರೆದೊಯ್ಯುವ ದಿನ, ಅಷ್ಟೇ. ಒಂದು ಬೆಳಿಗ್ಗೆ ಅದರಲ್ಲಿ ಅಕ್ಕನ ಹೆಸರೂ ಇತ್ತು. ಆಫೀಸಿನ ಕೆಲಸಕ್ಕಿರಬೇಕು ಅಂದುಕೊಂಡೆ. ನಮ್ಮ ಬಡವನಹಳ್ಳಿಯಲ್ಲಿ ಅವಳು ಹತ್ತಬೇಕು, ಅಷ್ಟರಲ್ಲಿ ಕಾಲಿಗೆ ಬ್ಯಾಂಡೇಜು ಸುತ್ತಿದ ಅಜ್ಜಿಯೊಬ್ಬಳು, ಹೆಸರು ಬರೆಸದಿದ್ದವಳು, ಕೈಮುಗಿದು ನಿಂತಳು. ಉಳಿದಿದ್ದುದು ಒಂದೇ ಸೀಟು.

"ನಿಂಗೇನಾಗೈತೆ, ಗುಂಡುಕಲ್ಲಂಗಿದ್ದೀಯ. ಇನ್ನೊಂದಿನ ಹೋಗಕ್ಕ," ಅಂದುಬಿಟ್ಟೆ.

ಅಕ್ಕ ಒಂದು ಗಳಿಗೆ ನನ್ನ ಮುಖ ನೋಡಿದಳು. "ಆಯ್ತು ಬುಡು," ಅಂದವಳೇ ಸೆರಗಿನ ನಿಂಬೆಹಣ್ಣು ಬಿಚ್ಚಿ ಅಜ್ಜಿಯ ಕೈಗಿಟ್ಟಳು.

ಆಮೇಲೆ ಅವಳು ಆಸ್ಪತ್ರೆಗೆ ಹೋಗುವುದನ್ನು ಮುಂದೂಡುತ್ತಲೇ ಬಂದಳು. ಕೊನೆಗೆ ಹೋದಾಗ ಹೊಟ್ಟೆಯ ಗಡ್ಡೆ ಬಲಿತಿತ್ತು... ಅಕ್ಕ ಉಳಿಯಲಿಲ್ಲ.

ಮೊಬೈಲಿನಲ್ಲಿ ಕಾಣದ್ದು ಅವಳ ಮೈಯಲ್ಲೂ ಇಲ್ಲವೆಂದು ನಂಬಿದೆ. ಹಾಗಲ್ಲ ಕಣೋ ಎಂದು ಅವಳೇ ಹೇಳಿಕೊಟ್ಟಿದ್ದಳು. ಒಂದೇ ಮನೆಯಲ್ಲಿ ಉಣ್ಣುತ್ತಿದ್ದವನು ಬಾಯಿಬಿಟ್ಟು ಒಂದು ಮಾತು ಕೇಳಲಿಲ್ಲ. ಆದರೆ ಅವಳೇಕೆ ಹೇಳಲಿಲ್ಲ? ನಾನು ಹೆದರುತ್ತೇನೆಂದೋ? ಎಲ್ಲರ ಗುಟ್ಟು ಕಾಯುತ್ತಾ ತನ್ನದನ್ನು ಹೇಳುವುದು ಮರೆತೇ ಹೋಯಿತೋ? ಅಜ್ಜಿಯನ್ನು ಅಲ್ಲೇ ಬಿಟ್ಟು ಬಂದಿದ್ದರೆ ಸರಿಯಾಗುತ್ತಿತ್ತೋ... ಕೇಳೋಣವೆಂದರೆ ಅಕ್ಕನಿಲ್ಲ.

ಮೊನ್ನೆ ಆ ಹುಡುಗಿಯನ್ನು, ಕೇಳಬಾರದೆಂದು ಗೊತ್ತಿದ್ದೂ, "ಏನಾಗೈತಮ್ಮ?" ಎಂದೆ.

"ಏನಿಲ್ಲಣ್ಣ, ಸುಮ್ನೆ," ಅಂದಳು.

ನಂಬಲಿಲ್ಲ. ಅವಳ ಸೀಟು ಅವಳಿಗೇ ಇರಲಿ ಎಂದುಕೊಂಡೆ. ಊರ ಹೊರಗೆ ಮುದುಕನೊಬ್ಬ ಕೈ ಅಡ್ಡ ಹಿಡಿದ. ವ್ಯಾನು ತುಂಬಿತ್ತು, ನಿಲ್ಲಿಸಲಿಲ್ಲ. ಅವನಿಗೇನಾಗಿತ್ತೋ... ಅದೂ ನನಗೆ ಕಾಣಲಿಲ್ಲ.