ಖಾದರ್ ಚಾಚಾರ ಹೆಬ್ಬೆಟ್ಟು

ಮೇಜಿನ ಖಾನೆ ಒಪ್ಪ ಮಾಡುವಾಗ ಒಣಗಿದ ಇಂಕ್ ಪ್ಯಾಡ್ ಒಂದು ಸಿಕ್ಕಿತು. ಮುಚ್ಚಳ ತೆಗೆದರೆ ಶಾಯಿಯ ವಾಸನೆ ಇನ್ನೂ ಚೂರು ಉಳಿದಿದೆ. ಖಾದರ್ ಚಾಚಾ ನೆನಪಾದರು. ಅವರ ವಿಷಯ ನಿಮಗೆ ಹೇಳಬೇಕು. ಆದರೆ ನನ್ನ ನೆನಪಿಗೆ ಬಣ್ಣ ಬಳಿಯುವ ಚಟವಿದೆ, ಸ್ವಲ್ಪ ಸೋಡಿ ಬಿಟ್ಟು ಕೇಳಿ.

ಗಂಗಾವತಿಯ ನಮ್ಮ ಓಣಿಯಲ್ಲೇ ಅವರ ಮನೆ. ಸಿದ್ದಾಪುರದ ಕಡೆಯ ರೈಸ್‌ಮಿಲ್ಲುಗಳ ಬೋರ್ಡೆಲ್ಲ ಅವರ ಕೈಯವು. ಅದು ಹೊಟ್ಟೆಪಾಡು. ಜೀವವಿದ್ದದ್ದು ಅರಬ್ಬಿ ಅಕ್ಷರ ಬರೆಯುವುದರಲ್ಲಿ. ಬಿದಿರಿನ ಲೇಖನಿಯಿಂದ ಒಂದೇ ಸಾಲನ್ನು ವಾರವಿಡೀ ತಿದ್ದಿ ಹೈದರಾಬಾದಿನ ಉಸ್ತಾದರಿಗೆ ಅಂಚೆಯಲ್ಲಿ ಕಳಿಸುವರು. ಹಾಳೆ ಕೆಂಪು ಚುಕ್ಕಿಗಳನ್ನು ಹೊತ್ತು ಮರಳುವುದು. ಅಕ್ಷರದ ಎತ್ತರ, ಹೊಟ್ಟೆ, ಬಾಲ ಎಲ್ಲಕ್ಕೂ ಚುಕ್ಕಿಯೇ ಅಳತೆ. ಉಸ್ತಾದರು ಒಪ್ಪಿಗೆಪತ್ರ ಕೊಡುವವರೆಗೆ ಶಿಷ್ಯ ತಾನು ಬರೆದದ್ದರ ಕೆಳಗೆ ಹೆಸರು ಹಾಕುವಂತಿಲ್ಲ. ಆ ಕಸುಬಿನ ರಿವಾಜು ಅದು. ಚಾಚಾ ಅದನ್ನು ಲೋಕದ ಕಾಗದಗಳಿಗೆಲ್ಲ ಹಚ್ಚಿಕೊಂಡಿದ್ದರು. ರೇಷನ್ ಕಾರ್ಡಿಗೆ, ಬ್ಯಾಂಕಿಗೆ, ಎಲ್ಲಕ್ಕೂ ಹೆಬ್ಬೆಟ್ಟು.

"ಊರ ಮಂದಿ ಹೆಸರು ಬರಿಯೋದು ಕಸಬು, ತಮ್ಮ ಹೆಸರಿಗೆ ಹೆಬ್ಬಟ್ಟು. ನಾ ಯಾರ ಮುಂದ ಹೇಳ್ಲಿ?" ಎಂದು ಅವರ ಹೆಂಡತಿ ನಮ್ಮವ್ವನ ಮುಂದೆಯೇ ಹೇಳುತ್ತಿದ್ದರು.

ಕಾಲೇಜು ರಜೆಯಲ್ಲಿ ನಾನು ಸಾಕ್ಷರತೆಯ ಸ್ವಯಂಸೇವಕ. ಹೆಬ್ಬೆಟ್ಟು ಒತ್ತಿದವರನ್ನೆಲ್ಲ ಅನಕ್ಷರಸ್ಥರೆಂದು ಬರೆದುಕೊಳ್ಳಲು ನನಗೆ ಹೇಳಿದ್ದರು, ಯೋಚಿಸಲು ಹೇಳಿರಲಿಲ್ಲ. ಚಾಚಾರನ್ನೂ ಬರೆದುಕೊಂಡೆ. ಅವರು ಬೇಸರಿಸದೆ ತರಗತಿಗೆ ಬಂದು ಮುಂದೆಯೇ ಕೂತರು.

"ಮಾಸ್ತರ್ರ, ನಿಮ್ಮ 'ಅ' ಒಂದೂವರಿ ಚುಕ್ಕಿ ಕುಳ್ಳ ಐತ್ರಿ."

"ಓದಾಕ ಬರ್ತೈತಲ್ಲ ಚಾಚಾ?"

"ಓದಾಕ ಬರ್ತೈತ್ರಿ. ನೋಡಾಕ ಬರಂಗಿಲ್ಲ."

ಪರೀಕ್ಷೆಯ ಒಂದು ತಾಸಿನಲ್ಲಿ ಅವರು ಬರೆದದ್ದು ಒಂದೇ ಅಕ್ಷರ. ಹೆಸರಿನ ಜಾಗ ಖಾಲಿ. ನಪಾಸು ಮಾಡಿದೆ. ಹಾಗಂತ ನನ್ನ ಡೈರಿಯಲ್ಲಿದೆ. ಡೈರಿ ಬರೆದವನೂ ನಾನೇ ಎಂಬುದು ಅದರ ದೋಷ.

ಕೊನೆಗೂ ಹೋದ ವರ್ಷ ಹೈದರಾಬಾದಿನಿಂದ ಒಪ್ಪಿಗೆಪತ್ರ ಬಂತು. ಚಾಚಾಗೆ ಎಪ್ಪತ್ತು ದಾಟಿತ್ತು. ಸಾಯುವುದರೊಳಗೆ ಒಂದು ಕಾಗದದ ಮೇಲಾದರೂ ತಮ್ಮ ಹೆಸರು ಇರಬೇಕೆಂದು ನನ್ನನ್ನು ಕರೆದುಕೊಂಡು ಬ್ಯಾಂಕಿಗೆ ಹೋದರು.

"ನಿಮಗ ಸಹಿ ಬರಂಗಿಲ್ಲಂತ ದಾಖಲಿ ಐತ್ರಿ ಅಜ್ಜಾ," ಎಂದರು ಗುಮಾಸ್ತರು. "ಬರ್ತೈತಿ ಅಂತ ಓದಿದವ್ರು ಯಾರರ ಬರದು ಕೊಡ್ಲಿ."

ನಪಾಸು ಮಾಡಿದವನೇ ಬರೆದುಕೊಟ್ಟೆ. ಕೆಳಗೆ ಎಂದಿನಂತೆ ಸರ್ರನೆ ಒಂದು ಗೀಟು ಎಳೆದೆ. ಚಾಚಾ ಕಾಗದವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ತಮ್ಮಾ, ಈ ಸಹಿ ಮಾಡಾಕ ನಿನಗ ಯಾರು ಒಪ್ಪಿಗಿ ಕೊಟ್ರು?"

ಅದರಲ್ಲಿ ಕುಚೋದ್ಯವಿರಲಿಲ್ಲ. ಅವರಿಗೆ ನಿಜಕ್ಕೂ ತಿಳಿಯಬೇಕಿತ್ತು. ಅವರು ಜೇಬಿನಿಂದ ಲೇಖನಿ ತೆಗೆದು, ಅರ್ಜಿಯ ಪುಟ್ಟ ಚೌಕದೊಳಗೆ ತಮ್ಮ ಹೆಸರು ಬರೆದರು. ಮುಕ್ಕಾಲು ತಾಸು ಹಿಡಿಯಿತು. ಹಿಂದೆ ಸಾಲಿನಲ್ಲಿ ನಿಂತವರು ಯಾರೂ ಗೊಣಗಲಿಲ್ಲ. ಗೊಣಗಿರಲೂಬಹುದು, ನಾನು ಚೌಕವನ್ನೇ ನೋಡುತ್ತಿದ್ದೆ.

ಈಗ ಸಹಿ ಕೇಳಿದರೆ ಪೆನ್ನು ಎತ್ತಿ ನಿಂತುಬಿಡುತ್ತೇನೆ. ನಿನ್ನೆ ಗ್ಯಾಸ್ ಸಿಲಿಂಡರ್ ತಂದವರು ಕಾದು ಕಾದು ಮೆಲ್ಲಗೆ ಕೇಳಿದರು: "ಸರ್, ಬರಿಯಾಕ ಬರ್ತೈತಿಲ್ರಿ?"

"ಕಲಿಯಾಕತ್ತೀನ್ರಿ," ಎಂದೆ.