ಚಿಕ್ಕಮ್ಮನ ಡ್ರೈವಿಂಗ್ ಕ್ಲಾಸು

ಗೆಳೆಯರೇ, ಇವತ್ತು ಬೈಸಿಕೊಂಡು ಖುಷಿಪಟ್ಟೆ. ಐಎಎಸ್ ಕೋಚಿಂಗಿಗೆಂದು ದೆಹಲಿಗೆ ಬಂದಿದ್ದ ಅಕ್ಕನ ಮಗಳು ಸಹನಾ, ಪರೀಕ್ಷೆ ಕೈಕೊಟ್ಟ ಮೇಲೆ ಗ್ರೇಟರ್ ನೋಯ್ಡಾದ ನಮ್ಮ ಮನೆಯಲ್ಲೇ ಇದ್ದಾಳೆ. ಓದೂ ಇಲ್ಲ, ಕೆಲಸವೂ ಇಲ್ಲ. ಜನರ ಪ್ರಶ್ನೆಗಳಿಗೆ ಹೆದರಿ ಕೋಣೆಯಿಂದ ಹೊರಗೇ ಬರುವುದಿಲ್ಲ. ಬೆಳಿಗ್ಗೆ, "ನಂಗೆ ಕಾರು ಕಲಿಸೇ" ಎಂದು, ಡ್ರೈವಿಂಗ್ ಬಲ್ಲ ಅವಳನ್ನು ಕಾಡಿ ಹೊರಡಿಸಿದೆ.

ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯೊಳಗೆ ಒಂದು ಸುತ್ತು ಮುಗಿಯುವ ಮೊದಲೇ, "ಚಿಕ್ಕಮ್ಮ, ಕ್ಲಚ್ಚು ನಿಧಾನಕ್ಕೆ ಬಿಡಿ ಅಂತ ಎಷ್ಟು ಸಲ ಹೇಳೋದು?" ಎಂದು ಗದರಿದಳು. ಎಷ್ಟೋ ತಿಂಗಳ ನಂತರ ಅವಳ ಗಟ್ಟಿ ದನಿ ಕೇಳಿದ್ದೆ.

ಗೇಟಿನ ಬಳಿ ಪಕ್ಕದ ಮನೆಯ ಆಂಟಿ ಹಿಂದಿಯಲ್ಲಿ, "ಈಗೇನು ಮಾಡ್ತಿದ್ದೀಯ ಬೇಟಾ?" ಎಂದು ಕೇಳಿಯೇಬಿಟ್ಟರು.

"ಡ್ರೈವಿಂಗ್ ಕಲಿಸ್ತಿದ್ದೀನಿ ಆಂಟಿ. ಸ್ಟೂಡೆಂಟು ಸ್ವಲ್ಪ ವೀಕು" ಎಂದಳು ಸಹನಾ.

"ಅಚ್ಛಾ? ನಮ್ಮ ಸೊಸೆಗೂ ಕಲಿಸು."

ನಾಳೆಯಿಂದ ಅವಳಿಗೆ ಇಬ್ಬರು ಶಿಷ್ಯೆಯರು. ನಾನಂತೂ ಬೇಗ ಕಲಿಯುವ ಅವಸರದಲ್ಲಿಲ್ಲ.