ಚೀಲದಲ್ಲಿದ್ದ ಕೆರೆಯ ಗೋಡು

ಬೀರೂರಿನ ಗಾಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ನಾಳೆಗೆ ಬಿಟ್ಟರೆ ನೆನಪು ಇದನ್ನು ನನಗೆ ಅನುಕೂಲವಾಗುವಂತೆ ತಿದ್ದಿಬಿಡಬಹುದು.

ಅಜ್ಜಂಪುರ ಸ್ಟೇಷನ್ನಿನ ಬೆಂಚಿನ ಮೇಲೆ ನನ್ನ ಚೀಲದ ಬಾಯಿ ಬಿಚ್ಚಿಕೊಂಡಿತ್ತು. ಒಳಗಿದ್ದದ್ದು ಹಳೆಯ ಚಿನ್ನದ ಗಣಿಯ ಕೆಳಗಿನ ಕೆರೆಯಿಂದ ಪರೀಕ್ಷೆಗೆಂದು ತೆಗೆದ ಗೋಡುಮಣ್ಣು. ಪಕ್ಕದಲ್ಲಿ ಆಚೆ ಕಡೆಯ ಗಾಡಿಗೆ ಕಾಯುತ್ತಿದ್ದ, ನನಗೆ ಗುರುತಿಲ್ಲದ ಒಬ್ಬ ಅತ್ತೆ, ಅವರ ತುಂಬು ಬಸುರಿ ಸೊಸೆ.

“ಗಣಿ ಕೆಳಗಿನ ಕೆರೆ ಗೋಡಲ್ವೇನಪ್ಪಾ? ನಮ್ಮೂರಿಂದೇ. ಇವಳಿಗೊಂದು ಹೆಂಟೆ ಕೊಡು. ದಿನಾ ಒಲೇಲಿ ಸುಟ್ಕೊಂಡು ತಿಂತಾಳೆ, ಅದೇ ಬಯಕೆ,” ಎಂದರು ಅತ್ತೆ.

ಗಣಿಯ ನೀರು ಇಳಿಯುವ ಕೆರೆ, ಮಣ್ಣಿನಲ್ಲಿ ಸೀಸ, ಪಾಷಾಣ ಇರಬಹುದು, ತಿನ್ನಬಾರದು ಎಂದೆ.

“ಇರ್ಬೋದೋ, ಐತೋ?”

“ಪರೀಕ್ಷೆ ಆದ ಮೇಲೆ ಗೊತ್ತಾಗುತ್ತದೆ.”

“ಅಷ್ಟ್ರೊಳಗೆ ಮಗು ತೊಟ್ಲಲ್ಲಿರ್ತೈತೆ ಬಿಡು. ನಾನೂ ಇದನ್ನೇ ತಿಂದು ಇವಳ ಗಂಡನ್ನ ಹೆತ್ತೆ. ಹೋರಿ ಹಂಗವ್ನೆ.”

ಅವರು ನಕ್ಕರು. ನಾನೂ ನಕ್ಕೆನೇ? ನಕ್ಕಿರಬೇಕು. ಸೊಸೆ ನಗಲಿಲ್ಲ.

ನಾನು ಗಾಡಿ ಹತ್ತಿ ಕೂತ ಮೇಲೆ ಅವಳು ಕಿಟಕಿಯ ಹತ್ತಿರ ಬಂದಳು. ಸೆರಗಿನ ಗಂಟು ಬಿಚ್ಚಿ, ಕಚ್ಚಿ ಉಳಿಸಿದ್ದ ಮಣ್ಣಿನ ಚೂರನ್ನು ನನ್ನ ಕೈಗಿಟ್ಟಳು.

“ಇನ್ಮೇಲೆ ತಿನ್ನಲ್ಲ. ತಿಂದಿರೋದಕ್ಕೆ ಏನ್ಮಾಡ್ಲಿ ಸ್ವಾಮಿ?”

ಗಾಡಿ ಹೊರಟಿತು. ಉತ್ತರಕ್ಕಾಗಿ ಅವಳು ಪ್ಲಾಟ್‌ಫಾರಂ ಮುಗಿಯುವವರೆಗೂ ಕಿಟಕಿಯ ಜೊತೆಗೇ ನಡೆದಳು.